ಐದು ಗಂಡು, ನಾಲ್ಕು ಹೆಣ್ಣು

ಹೋದ ತಿಂಗಳು ವಿಟ್ಲದಲ್ಲಿ, ನಾನು ಕೆಲಸ ಮಾಡುವ ಅಕ್ಕಿ ಮಿಲ್ಲಿನಲ್ಲಿ ಮೊದಲು ಲೆಕ್ಕ ಬರೆಯುವ ರೈಟರಾಗಿದ್ದವರೊಬ್ಬರ ಹೊಸ ಮನೆಯ ಒಕ್ಕಲಿಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೋದರೆ, ಅಲ್ಲಿ ದನಕ್ಕೆಂದು ಯಾರೋ ಬಿಸಿನೀರಿನಲ್ಲಿ ತೌಡು ಕಲಸಿ ಇಟ್ಟಿದ್ದರು. ಒಣ ತೌಡಿನ ಮಧ್ಯೆ ದಿನವೂ ಕೂರುವವಳು ನಾನು. ಅದು ನನ್ನ ಮೂಗಿಗೆ ತಿಳಿಯುವುದೇ ಇಲ್ಲ. ಆದರೆ ನೆನೆದ ತೌಡಿನ ವಾಸನೆ ಬೇರೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಅಡಿಯಲ್ಲಿ ಎಲ್ಲೋ ಕೆಸರಿನದೂ ಉಂಟು ಅನ್ನಿಸುವಂಥದ್ದು. ನಲ್ಲಿ ತಿರುಗಿಸುವುದನ್ನು ಬಿಟ್ಟು ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತೆ. ಹಿಂದಿನಿಂದ ಬಂದ ನನ್ನ ಗಂಡ ತೌಡಿನ ಬಕೆಟ್ಟನ್ನೂ ನನ್ನನ್ನೂ ನೋಡಿ, "ಬಾತುಗಳಾ?" ಎಂದು ಕೇಳಿದರು. ಹೌದು ಎಂದೆ. ಅಷ್ಟೇ. ದಾರಿಯುದ್ದಕ್ಕೂ ಆ ಮಳೆಗಾಲವೇ ನನ್ನ ತಲೆಯಲ್ಲಿತ್ತು.

ಆ ವರ್ಷ ನನಗೆ ಮೂವತ್ತೆಂಟು. ಪುತ್ತಿಗೆಯ ನಮ್ಮ ಮನೆಯಲ್ಲಿ ಇದ್ದವರು ಮೂವರೇ: ನಾನು, ನನ್ನ ಗಂಡ ಸುಕುಮಾರ, ಮತ್ತು ನನ್ನ ಅತ್ತೆ. ಇವರದು ಪಂಪ್ ರಿಪೇರಿಯ ಕೆಲಸ, ಬೈಕಿನ ಹಿಂದೆ ಪೈಪು ಕಟ್ಟಿಕೊಂಡು ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಸುತ್ತುವುದು. ಅತ್ತೆ ಹೆಚ್ಚು ಮಾತಿನವರಲ್ಲ. ಹೊತ್ತು ಮುಳುಗುವ ಮೊದಲು ಊಟ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬೆಳಿಗ್ಗೆ ಬಸದಿ. ಅಂಗಳ ಗುಡಿಸುವಾಗ ಇರುವೆ ಸಾಲು ಕಂಡರೆ ಆ ಜಾಗ ಬಿಟ್ಟು ಗುಡಿಸುತ್ತಿದ್ದರು. ಜೈನರ ಮನೆಯ ಹಿತ್ತಿಲಿನಲ್ಲಿ ಬಾತುಕೋಳಿ ಎಲ್ಲಿಂದ ಬಂತು ಎಂದು ಕೇಳಿದರೆ, ಸಿಸಿಲಿಯಾ ಬಾಯಿಯವರ ಮೊಣಕಾಲಿನಿಂದ ಬಂತು ಎನ್ನಬೇಕು.

ಸಿಸಿಲಿಯಾ ಬಾಯಿ ನಮ್ಮ ನೆರೆಯವರು, ಮಧ್ಯೆ ಒಂದೇ ಗದ್ದೆ. ಒಬ್ಬರೇ ಇದ್ದು ಬಾತು ಸಾಕುತ್ತಿದ್ದರು. ಅವುಗಳಿಗೆ ತೌಡು ನಮ್ಮ ಮಿಲ್ಲಿನಿಂದ ನಾನೇ ತಂದು ಕೊಡುತ್ತಿದ್ದೆ. ಮೇ ತಿಂಗಳಲ್ಲಿ ಅವರ ಎರಡೂ ಮೊಣಕಾಲಿಗೆ ಆಪರೇಷನ್ ಎಂದು ತೀರ್ಮಾನವಾಗಿ, ಬಂಟ್ವಾಳದ ಮಗಳ ಮನೆಗೆ ಹೊರಟರು. ದೊಡ್ಡ ಬಾತುಗಳನ್ನೆಲ್ಲ ಮೊದಲೇ ವಿಲೇವಾರಿ ಮಾಡಿದ್ದರು. ಉಳಿದದ್ದು ಒಂಬತ್ತು ಮರಿಗಳು.

"ಮಳೆ ಮುಗಿಯುವ ತನಕ ನೋಡಿಕೊಳ್ಳಿ ಪದ್ಮಕ್ಕ," ಎಂದು ಅತ್ತೆಯ ಹತ್ತಿರ ಕೇಳಿಕೊಂಡರು. "ನಿಮ್ಮಲ್ಲಾದರೆ ನನಗೆ ಧೈರ್ಯ. ಬೇರೆಯವರಿಗೆ ಕೊಟ್ಟರೆ ನಾನು ಬರುವಾಗ ಒಂದೂ ಇರ್ಲಿಕ್ಕಿಲ್ಲ."

ಅತ್ತೆ ಸ್ವಲ್ಪ ಯೋಚಿಸಿ, "ಮೊಟ್ಟೆ ನಾವು ಮುಟ್ಟುವುದಿಲ್ಲ ಮತ್ತೆ. ಉಳಿದದ್ದು ಮಾಡ್ತೇವೆ," ಎಂದರು.

ಆಗ ನಾನು ಗರ್ಭಿಣಿ ಎಂಬುದು ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾವು ಹೇಳುತ್ತಿರಲಿಲ್ಲ. ಅದಕ್ಕೆ ಮೊದಲು ಎರಡು ಸಲ ಹೇಳಿ, ಎರಡು ಸಲವೂ ಹೇಳಿದವರಿಗೆಲ್ಲ ಪುನಃ ಬೇರೆ ಸುದ್ದಿ ಹೇಳಬೇಕಾಗಿ ಬಂದಿತ್ತು. ಮೊದಲನೆಯದು ನಾಲ್ಕನೆಯ ತಿಂಗಳಲ್ಲಿ ಹೋಯಿತು. ಎರಡನೆಯದು ಐದು ದಾಟುತ್ತಿದ್ದಾಗ, ಕೈಕಾಲು ಎಲ್ಲ ಬಂದ ಮೇಲೆ. ಜೂನ್‌ನಲ್ಲಿ ಮೂಡುಬಿದಿರೆಯ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಒಂದು ಹೊಲಿಗೆ ಹಾಕಿದರು. "ಇನ್ನು ಮಲಗಿಯೇ ಇರಬೇಕು. ಬಚ್ಚಲಿಗೆ ಹೋಗಿ ಬರಬಹುದು, ಅಷ್ಟೇ. ಭಾರ ಎತ್ತುವುದು, ಬಗ್ಗುವುದು, ಓಡುವುದು ಯಾವುದೂ ಇಲ್ಲ," ಎಂದರು. ಮಿಲ್ಲಿಗೆ ರಜೆ ಹಾಕಿದೆ. ಅತ್ತೆ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದರು. ಬಚ್ಚಲು ಅಲ್ಲಿಗೆ ಹತ್ತಿರ. ಮಂಚದ ಪಕ್ಕದಲ್ಲೇ ಕಿಟಕಿ. ಕಿಟಕಿಯ ಆಚೆ ಹಿತ್ತಿಲು, ದನಗಳಿಲ್ಲದ ಹಟ್ಟಿ, ಹಿಂದೆ ದನಗಳು ನೀರು ಕುಡಿಯುತ್ತಿದ್ದ ಸಿಮೆಂಟಿನ ತೊಟ್ಟಿ, ಮತ್ತು ಬಾತುಗಳು.

ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ಆದರೆ ಎದ್ದು ಓಡಾಡುವಾಗ ಇರುವ ಹೆದರಿಕೆ ಬೇರೆ, ಮಲಗಿದವರದು ಬೇರೆ. ಮಲಗಿದವರ ಹೆದರಿಕೆಗೆ ಹೋಗಲು ಜಾಗವಿಲ್ಲ. ಹೊಟ್ಟೆಯಲ್ಲಿ ಒಂದು ಗುಳುಕ್ ಎಂದರೆ ಗ್ಯಾಸಾ, ಮಗುವಾ, ಮತ್ತೊಂದಾ ಎಂದು ಉಸಿರು ಹಿಡಿದು ಕೇಳುವುದು. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡುವ ಮೊದಲು ಕಣ್ಣು ಮುಚ್ಚಿಕೊಳ್ಳುವುದು. ನಾನು ಹೊರಗೆ ಬರುವವರೆಗೆ ಅತ್ತೆ ಬಚ್ಚಲಿನ ಬಾಗಿಲ ಹತ್ತಿರ ನಿಂತಿರುತ್ತಿದ್ದರು. ನನ್ನ ಮುಖ ನೋಡಿ ಅಡುಗೆಮನೆಗೆ ಹೋಗುತ್ತಿದ್ದರು.

ಮೊದಮೊದಲು ಬಾತುಗಳು ನನಗೆ ದೊಡ್ಡ ಸಮಾಧಾನ. ಸಾಲಾಗಿ ಹೋಗುವುದು, ಒಂದು ನಿಂತರೆ ಎಲ್ಲವೂ ನಿಲ್ಲುವುದು. ಇವರು ತೊಟ್ಟಿಗೆ ನೀರು ತುಂಬಿಸಿ, ಅವು ಹತ್ತಿ ಇಳಿಯಲು ಕಲ್ಲು ಜೋಡಿಸಿ ಕೊಟ್ಟಿದ್ದರು. ಬೆಳಿಗ್ಗೆ ತೊಟ್ಟಿಯ ಬುಡದ ತೂತಿಗೆ ಹಾಕಿದ ಮರದ ಬೆಣೆ ಎಳೆದು ಕೊಳಕು ನೀರು ಬಿಟ್ಟು, ಪುನಃ ತುಂಬಿಸುವುದು ಅವರ ದಿನಚರಿ. ಅತ್ತೆ ತೌಡಿಗೆ ಗಂಜಿತಿಳಿ ಹಾಕಿ ಕಲಸಿ ತರುವಾಗ ಒಂಬತ್ತೂ ಕುತ್ತಿಗೆ ಚಾಚಿ ಓಡಿ ಬರುತ್ತಿದ್ದವು. ಆ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಬೆಳಗಾಯಿತು ಎಂದು ಲೆಕ್ಕ.

ಜುಲೈಯಲ್ಲಿ ಅವುಗಳ ಸ್ವರ ಬೇರೆಬೇರೆಯಾಯಿತು. ನಾಲ್ಕು ಗಟ್ಟಿಯಾಗಿ ಕೂಗುತ್ತಿದ್ದವು. ಐದಕ್ಕೆ ಗಂಟಲು ಕಟ್ಟಿದ ಹಾಗೆ, ಬರೀ ಗಾಳಿ ಸೇರಿದ ಸ್ವರ. ಆ ಐದರ ಬಾಲದಲ್ಲಿ ಒಂದೆರಡು ಗರಿ ಮೇಲಕ್ಕೆ ಸುರುಳಿಯಾಗಿ ನಿಂತವು. ಪಾಪ, ಶೀತ ಆಗಿರಬೇಕು ಎಂದು ಅತ್ತೆ ಅವಕ್ಕೆ ಬೆಚ್ಚಗಿನ ನೀರು ಇಟ್ಟರು. ಇವರು ಸಿಸಿಲಿಯಾ ಬಾಯಿಯವರಿಗೆ ಫೋನ್ ಮಾಡಿದಾಗ ಅವರು ನಗುವುದು ನನಗೂ ಕೇಳಿಸಿತು.

"ಶೀತ ಅಲ್ಲ ಮಾರಾಯ, ಅದು ಗಂಡು. ಗಂಡಿನ ಸ್ವರವೇ ಹಾಗೆ," ಎಂದರು. ಆಮೇಲೆ ನಗು ನಿಲ್ಲಿಸಿ, "ಐದು ಉಂಟಾ? ಅದು ಸರಿ ಆಗುದಿಲ್ಲ. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು. ಜಾಸ್ತಿ ಆದರೆ ಹೆಣ್ಣನ್ನು ಬದುಕಲಿಕ್ಕೆ ಬಿಡುದಿಲ್ಲ. ನಾವಾದರೆ ಒಂದು ಇಟ್ಟು ಉಳಿದದ್ದನ್ನು ಸಾರು ಮಾಡ್ತೇವೆ. ನಿಮಗೆ ಎಂತ ಹೇಳುದು," ಎಂದರು.

ಇವರು ಅತ್ತೆಗೆ ಸಾರಿನ ವಿಷಯ ಹೇಳಲಿಲ್ಲ.

ಆಟಿ ತಿಂಗಳು ಬಂತು. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಯಾರೂ ಕೈಹಾಕದ ತಿಂಗಳು. ಮಳೆ ಸುರಿದು ಸುರಿದು ಅಂಗಳದ ಕೆಂಪು ಕಲ್ಲಿನ ಮೇಲೆ ಪಾಚಿ ಕಟ್ಟುವ ಸಮಯ. ನನಗೆ ಐದನೆಯ ತಿಂಗಳು ಹಿಡಿಯಿತು. ಅದೇ ವಾರ ಬಾತುಗಳಲ್ಲೂ ಶುರುವಾಯಿತು.

ಗಂಡು ಹೆಣ್ಣು ಸೇರುವುದು ಪ್ರಕೃತಿ, ಅದಕ್ಕೆ ಹೆದರುವುದು ಏನುಂಟು ಎನ್ನಬಹುದು. ನಾನು ನೋಡಿದ್ದು ಹಾಗಿರಲಿಲ್ಲ. ಒಂದು ಹೆಣ್ಣನ್ನು ಐದು ಗಂಡುಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು. ಒಂದು ಕುತ್ತಿಗೆಯ ಹಿಂಭಾಗ ಕಚ್ಚಿ ಹಿಡಿದು ಮೇಲೆ ಹತ್ತಿದರೆ, ಇಳಿಯುವುದರೊಳಗೆ ಇನ್ನೊಂದು. ಹೆಣ್ಣು ಎದ್ದು ಕುಂಟುತ್ತ ಓಡಿದರೆ ಪುನಃ ಅದರ ಹಿಂದೆಯೇ. ಕೆಲವೇ ದಿನಗಳಲ್ಲಿ ನಾಲ್ಕರ ಕುತ್ತಿಗೆಯಲ್ಲೂ ಗರಿ ಉದುರಿ ಕೆಂಪು ಚರ್ಮ ಕಂಡಿತು. ಎಲ್ಲಕ್ಕಿಂತ ಸಣ್ಣದೊಂದಿತ್ತು, ಕಂದು ಮೈ, ಎದೆಯಲ್ಲಿ ಬಿಳಿ. ಅದರ ಒಂದು ಕಣ್ಣು ಊದಿ ಮುಚ್ಚಿಹೋಯಿತು. ಅದು ತೌಡಿಗೂ ಬರುತ್ತಿರಲಿಲ್ಲ, ನನ್ನ ಕಿಟಕಿಯ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತಿರುತ್ತಿತ್ತು. ಕಿಟಕಿ ಮುಚ್ಚಿ ನೋಡಿದೆ. ಮುಚ್ಚಿದರೆ ಬರೀ ಸದ್ದು, ಅದು ಇನ್ನೂ ಕೆಟ್ಟದ್ದು.

ಒಂದು ಬೆಳಿಗ್ಗೆ ಅತ್ತೆ ತೌಡಿನ ಬಕೆಟ್ ಹಿಡಿದು ತೊಟ್ಟಿಯ ಹತ್ತಿರ ಹೋದವರು ಹಾಗೆಯೇ ನಿಂತರು. ಸೆರಗಿನಿಂದ ಏನನ್ನೋ ಮುಚ್ಚಿ ಎತ್ತಿದರು. ಸೆರಗಿನ ಕೆಳಗಿನಿಂದ ಹಳದಿ ಕಾಲೊಂದು ನೇತಾಡುತ್ತಿತ್ತು. ಹಟ್ಟಿಯ ಹಿಂದೆ ಇವರು ಗುದ್ದಲಿಯಿಂದ ಮಣ್ಣು ತೆಗೆಯುವ ಸದ್ದು ಕೇಳಿಸಿತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಮೇಲೆ ಅತ್ತೆ ಗಂಜಿ ತಂದು ಇಟ್ಟು, "ಒಂದು ಹೆಣ್ಣು ಗದ್ದೆ ದಾಟಿ ಆಚೆ ಹೋಯಿತು ಮಗಾ. ಯಾರ ಮನೆಯಲ್ಲಾದರೂ ಇರಬಹುದು," ಎಂದರು. ಅವರ ಸೆರಗು ಇನ್ನೂ ಒದ್ದೆ.

"ಬರಬಹುದು ಅತ್ತೆ," ಎಂದೆ.

ಆ ದಿನ ಅತ್ತೆ ಊಟ ಮಾಡಲಿಲ್ಲ. ನನ್ನ ಐದನೆಯ ತಿಂಗಳಲ್ಲಿ ನಮ್ಮ ಹಿತ್ತಿಲಲ್ಲೇ ಒಂದು ಹೆಣ್ಣು ಜೀವ ನೀರಲ್ಲಿ ಮುಳುಗಿ ಹೋಯಿತು ಎಂಬುದು ಅವರ ತಲೆಯಲ್ಲಿ ಯಾವ ರೀತಿ ಸುತ್ತುತ್ತಿದೆ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ತಲೆಯಲ್ಲೂ ಅದೇ ಸುತ್ತುತ್ತಿತ್ತು.

ಎರಡು ದಿನ ಬಿಟ್ಟು ಲೋಕಯ್ಯಣ್ಣ ಬಂದರು. ಪುಂಜಾಲಕಟ್ಟೆಯ ಕಡೆಯವರು, ಬೈಕಿನಲ್ಲಿ ಮನೆಮನೆಗೆ ಹೋಗಿ ಕೋಳಿ ಕೊಳ್ಳುವವರು. ಸಿಸಿಲಿಯಾ ಬಾಯಿಯವರೇ ಕಳಿಸಿದ್ದು. ಅಂಗಳದಲ್ಲಿ ನಿಂತು ಮರ್ಯಾದೆಯಿಂದಲೇ ಮಾತಾಡಿದರು.

"ನಾಲ್ಕು ಗಂಡು ನನಗೆ ಕೊಡಿ ಅಮ್ಮ. ಒಂದು ನಿಮಗೆ ಇರ್ಲಿ. ಇಲ್ಲದಿದ್ದರೆ ಆ ಹೆಣ್ಣುಗಳು ಉಳಿಯುವುದಿಲ್ಲ. ಇಲ್ಲಿ ನಾನು ಎಂತದೂ ಮಾಡುದಿಲ್ಲ, ತೆಗೊಂಡು ಹೋಗ್ತೇನೆ ಅಷ್ಟೇ."

"ತೆಗೊಂಡು ಹೋಗಿ ಎಂತ ಮಾಡ್ತೀರಿ ಅಂತ ನಮಗೆ ಗೊತ್ತುಂಟಲ್ಲ," ಎಂದರು ಅತ್ತೆ. ಮಜ್ಜಿಗೆ ಕೊಟ್ಟು ಕಳಿಸಿಬಿಟ್ಟರು.

ಅವರು ಕೋಣೆಗೆ ಬಂದಾಗ ನಾನು ತಡೆಯದೆ ಕೇಳಿದೆ. "ಕೊಡಬಹುದಿತ್ತಲ್ಲ ಅತ್ತೆ."

"ಕೊಲ್ಲಲಿಕ್ಕೆ ಕೊಡುವುದಾ? ಅದೂ ನೀನು ಹೀಗಿರುವಾಗ?"

"ಕೊಡದಿದ್ದರೂ ಸಾಯ್ತಾ ಉಂಟಲ್ಲ. ನಾವು ನೋಡ್ತಾ ಕೂತಿದ್ದೇವೆ. ಆ ಪಾಪ ನಮಗೆ ತಾಗುವುದಿಲ್ವಾ?"

ಅತ್ತೆ ಮಂಚದ ಅಂಚಿನಲ್ಲಿ ಕೂತರು. ನನ್ನ ಕಾಲಿನ ಮೇಲಿದ್ದ ಹೊದಿಕೆ ಸರಿಮಾಡಿದರು. "ನನಗೆ ಗೊತ್ತಾಗ್ತಾ ಇಲ್ಲ ಸುನಂದಾ," ಎಂದರು. ಎಲ್ಲದಕ್ಕೂ ಒಂದು ನಿಯಮ ಇದ್ದ ಹೆಂಗಸು ಅವರು. ಆ ಮಾತು ಅವರ ಬಾಯಲ್ಲಿ ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು.

ಅದಾಗಿ ಒಂದು ವಾರ ಇರಬೇಕು. ಮಧ್ಯಾಹ್ನ. ಬಸದಿಯಲ್ಲಿ ಏನೋ ಪೂಜೆ ಇತ್ತು, ಅತ್ತೆ ಬೇಗ ಬರುತ್ತೇನೆಂದು ಹೇಳಿ ಹೋಗಿದ್ದರು. ಇವರು ಬೆಳ್ತಂಗಡಿಯಲ್ಲಿ ಯಾರದೋ ಬಾವಿಯ ಪಂಪ್ ಮೇಲೆತ್ತಲು ಹೋಗಿದ್ದರು. ಮಳೆ ನಿಂತು ಸಣ್ಣ ಬಿಸಿಲು ಬಂದಿತ್ತು. ಕಿಟಕಿಯ ಕೆಳಗೆ ನಿಂತಿದ್ದ ಆ ಸಣ್ಣ ಹೆಣ್ಣು ಬಿಸಿಲಿಗೆ ಎರಡು ಹೆಜ್ಜೆ ಹೊರಗೆ ಬಂತು. ಗಂಡುಗಳು ಹಟ್ಟಿಯ ಹತ್ತಿರ ಇದ್ದವು. ತಲೆ ತಗ್ಗಿಸಿ, ಕುತ್ತಿಗೆ ನೀಳ ಮಾಡಿ ಬಂದವು.

ಅದು ಓಡಿತು. ಒಂದು ಕಣ್ಣು ಕಾಣದ್ದರಿಂದ ಗೋಡೆಗೆ ಬಡಿದು, ತಿರುಗಿ, ಕಲ್ಲು ಹತ್ತಿ ತೊಟ್ಟಿಗೆ ಬಿತ್ತು. ಐದೂ ಅದರ ಹಿಂದೆ ನೀರಿಗಿಳಿದವು. ತೊಟ್ಟಿಯಲ್ಲಿ ಬರೀ ರೆಕ್ಕೆ ಕಾಣುತ್ತಿತ್ತು. ಅದರ ತಲೆ ಒಮ್ಮೆ ಮೇಲೆ ಬಂತು, ಬಾಯಿ ತೆರೆದಿತ್ತು, ಪುನಃ ಕೆಳಗೆ ಹೋಯಿತು.

ನಾನು ಹುಶ್ ಎಂದು ಕೂಗಿದೆ. ಸ್ಟೀಲಿನ ಲೋಟ ಸರಳಿನ ಮಧ್ಯದಿಂದ ಎಸೆದೆ. ಮಾತ್ರೆಯ ಡಬ್ಬಿ ಎಸೆದೆ, ಟಾರ್ಚ್ ಎಸೆದೆ. ಅವು ತಿರುಗಿ ಕೂಡ ನೋಡಲಿಲ್ಲ. ತಲೆ ಇನ್ನೊಮ್ಮೆ ಬಂತು, ಈ ಸಲ ಕಡಿಮೆ ಹೊತ್ತು.

ಎದ್ದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಹಿಂಬಾಗಿಲಿನ ಮೆಟ್ಟಿಲಲ್ಲಿ ನಿಂತಾಗ ಮಾತ್ರ ಎಚ್ಚರವಾಯಿತು. ಎದುರಿಗೆ ಪಾಚಿ ಹಿಡಿದ ಅಂಗಳ, ಬಿಸಿಲಿಗೆ ಹೊಳೆಯುತ್ತಿತ್ತು. ಜಾರಿ ಬಿದ್ದರೆ ಮುಗಿಯಿತು. ವಾಪಸು ಹೋಗಿ ಮಲಗು ಎಂದು ನನಗೆ ನಾನೇ ಹೇಳಿಕೊಂಡೆ, ಸ್ಪಷ್ಟವಾಗಿ ಹೇಳಿಕೊಂಡೆ. ಆಮೇಲೆ ಮೆಟ್ಟಿಲಿನ ಮೇಲೆ ಕುಳಿತು, ಕುಳಿತಲ್ಲಿಂದಲೇ ಎರಡು ಕೈ ಊರಿ, ಸಣ್ಣ ಮಕ್ಕಳು ಸರಿದ ಹಾಗೆ ಅಂಗಳದಲ್ಲಿ ಸರಿದುಕೊಂಡು ಹೋದೆ. ಹೊಟ್ಟೆ ಗಟ್ಟಿಯಾಗುತ್ತಿತ್ತು. ಆಗ ನಿಲ್ಲುವುದು, ಸಡಿಲವಾದರೆ ಪುನಃ ಸರಿಯುವುದು.

ಬಾತುಗಳನ್ನು ಓಡಿಸಲು ನನ್ನಿಂದ ಸಾಧ್ಯವಿರಲಿಲ್ಲ. ಕೂತಲ್ಲಿಂದ ಕೈ ಎತ್ತಿದರೂ ತೊಟ್ಟಿಯ ಒಳಗೆ ಎಟಕುತ್ತಿರಲಿಲ್ಲ. ಬುಡದಲ್ಲಿ ಬೆಣೆ ಇತ್ತು. ನೆನೆದು ಉಬ್ಬಿ ಗಟ್ಟಿಯಾಗಿತ್ತು. ಎರಡು ಕೈಯಲ್ಲಿ ಹಿಡಿದು ಆಚೀಚೆ ಅಲುಗಾಡಿಸಿ ಎಳೆದೆ. ಬಂತು. ನೀರು ನೇರ ನನ್ನ ಮಡಿಲಿಗೆ ಚಿಮ್ಮಿತು. ತೊಟ್ಟಿ ಬರಿದಾಗುತ್ತ ಬಂದ ಹಾಗೆ ಗಂಡುಗಳು ಗೊಣಗಿಕೊಂಡು ಒಂದೊಂದಾಗಿ ಹೊರಗೆ ಹಾರಿದವು. ಕೊನೆಗೆ ಒಳಗೆ ಅದೊಂದೇ ಉಳಿಯಿತು. ತೊಟ್ಟಿಯ ಅಂಚು ಹಿಡಿದು ಮೆಲ್ಲ ಮೊಣಕಾಲೂರಿ, ಒಳಗೆ ಕೈ ಚಾಚಿ ಅದನ್ನು ಎತ್ತಿಕೊಂಡು ಪುನಃ ಕೂತೆ. ಒದ್ದೆ ಬಟ್ಟೆಯ ಹಾಗಿತ್ತು. ಆಮೇಲೆ ಅದರ ಎದೆ ನನ್ನ ಬೆರಳಿನ ಕೆಳಗೆ ಒಂದು ಸಲ ಎದ್ದಿತು, ಕೆಮ್ಮಿದ ಹಾಗೆ ಮಾಡಿತು.

ಆಗಲೇ ನಾನು ಕೆಳಗೆ ನೋಡಿದ್ದು. ನನ್ನ ತಿಳಿ ಬಣ್ಣದ ನೈಟಿ ಸೊಂಟದಿಂದ ಕೆಳಗೆ ಪೂರ್ತಿ ಕೆಂಪಾಗಿತ್ತು. ಕೂತಲ್ಲಿಂದ ಕೆಂಪು ನೀರು ಹರಿದು ಹೋಗುತ್ತಿತ್ತು. ನಮ್ಮ ಮಣ್ಣು ಕೆಂಪು, ಕಲ್ಲು ಕೆಂಪು, ಮಳೆಗಾಲದಲ್ಲಿ ಹರಿಯುವ ನೀರೆಲ್ಲ ಕೆಂಪೇ. ಅದು ನನಗೆ ಗೊತ್ತು. ಆದರೆ ಎಷ್ಟು ಮಣ್ಣಿನದು, ಎಷ್ಟು ನನ್ನದು ಎಂದು ಹೇಗೆ ಹೇಳುವುದು? ಕೈಯಲ್ಲಿ ಮುಟ್ಟಿ ನೋಡಿದರೆ ಕೈಯೂ ಕೆಂಪು. ಎದ್ದು ನಿಲ್ಲಲು ಧೈರ್ಯವಿಲ್ಲ, ಸರಿಯಲು ಧೈರ್ಯವಿಲ್ಲ. ತೊಡೆ ಒತ್ತಿಕೊಂಡು, ಬಾತನ್ನು ಎದೆಗೆ ಹಿಡಿದುಕೊಂಡು ಕೂತುಬಿಟ್ಟೆ. ಎಷ್ಟು ಹೊತ್ತೋ. ಒಂದು ಮಳೆ ಬಂದು ಹೋಯಿತು.

ಅತ್ತೆ ಅಂಗಳದ ಮೂಲೆಯಲ್ಲಿ ಕಾಣಿಸಿಕೊಂಡರು. ನನ್ನನ್ನು ನೋಡಿದರು, ನನ್ನ ಬಟ್ಟೆ ನೋಡಿದರು. ಅವರ ಕೊಡೆ ಕೈಯಿಂದ ಜಾರಿ ಕೆಳಗೆ ಬಿತ್ತು. ಹತ್ತಿರ ಬಂದು ಮೊಣಕಾಲೂರಿ, "ನೋವು ಉಂಟಾ?" ಎಂದು ಕೇಳಿದರು.

"ಗೊತ್ತಾಗುವುದಿಲ್ಲ ಅತ್ತೆ."

ಆಟೋದಲ್ಲಿ ನನ್ನ ತಲೆಯನ್ನು ಅವರು ಮಡಿಲಲ್ಲಿ ಇಟ್ಟುಕೊಂಡಿದ್ದರು. ಹೊಂಡ ಬಂದಾಗೆಲ್ಲ ಡ್ರೈವರನಿಗೆ ಮೆಲ್ಲ ಮೆಲ್ಲ ಎನ್ನುತ್ತಿದ್ದರು. ನಡುವೆ ತುಟಿ ಮಾತ್ರ ಅಲುಗಾಡಿಸಿ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು. ಒಮ್ಮೆಲೇ ನಿಲ್ಲಿಸಿ, "ಆವತ್ತು ಒಂದು ಸತ್ತಿತ್ತು. ನಿನಗೆ ಸುಳ್ಳು ಹೇಳಿದೆ," ಎಂದರು.

"ಗೊತ್ತಿತ್ತು ಅತ್ತೆ. ನೋಡಿದ್ದೆ."

ಅವರು ನನ್ನ ಹಣೆಯ ಮೇಲೆ ಕೈಯಿಟ್ಟರು. ಆಮೇಲೆ ಫೋನ್ ತೆಗೆದು ಮಗನಿಗೆ ಮಾಡಿದರು. ಆಸ್ಪತ್ರೆಗೆ ಬಾ ಎಂದು ಹೇಳಿ, ಸ್ವಲ್ಪ ತಡೆದು, "ಆ ಲೋಕಯ್ಯನಿಗೂ ಫೋನ್ ಮಾಡು. ಐದನ್ನೂ ಇವತ್ತೇ ತೆಗೊಂಡು ಹೋಗಲಿ," ಎಂದರು. ಅವರ ಸ್ವರದಲ್ಲಿ ನಡುಕವಿರಲಿಲ್ಲ. ಇಷ್ಟು ದಿನ ನಾನೇ ಬೇಡಿದ್ದು ಅದನ್ನು. ಆದರೆ ಆ ಹೊತ್ತಿನಲ್ಲಿ, ಒಳಗಿನ ಜೀವ ಉಂಟೋ ಇಲ್ಲವೋ ಎಂದು ತಿಳಿಯದೆ ಮಲಗಿರುವಾಗ, ಯಾರ ಸಾವನ್ನೂ ಕೇಳಲು ನನಗೆ ಧೈರ್ಯವಾಗಲಿಲ್ಲ.

"ಇವತ್ತು ಬೇಡ ಹೇಳಿ ಅತ್ತೆ," ಎಂದೆ. "ಇವತ್ತು ಯಾರನ್ನೂ ಕೊಡುವುದು ಬೇಡ."

ಅವರು ನನ್ನ ಮುಖ ನೋಡಿದರು. ಫೋನಿನಲ್ಲಿ, "ಇರಲಿ, ಲೋಕಯ್ಯನಿಗೆ ಮಾಡಬೇಡ. ನೀನು ಬಾ," ಎಂದರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದರು. ಪರದೆ ಅವರ ಕಡೆಗಿತ್ತು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹಿಂದೆ ಎರಡು ಸಲ ಅದೇ ಹುಬ್ಬು ಗಂಟಿಕ್ಕಿದ್ದನ್ನು ನೋಡಿದವಳು ನಾನು. ಈಗಲೂ ಗಂಟಿಕ್ಕಿತು. ಅವರು ಏನೋ ಒಂದು ಗುಂಡಿ ತಿರುಗಿಸಿದರು. ಕೋಣೆಯ ತುಂಬ ದಡದಡ ದಡದಡ ಎಂಬ ಸದ್ದು, ಕುದುರೆ ಓಡಿದ ಹಾಗೆ.

"ಹೊಲಿಗೆ ಗಟ್ಟಿ ಉಂಟು," ಎಂದರು. "ಇದೆಲ್ಲ ಮಣ್ಣು. ನೀವು ಎಂತ ಗದ್ದೆ ನೆಟ್ಟು ಬಂದಿರಾ?"

ನಾನು ಅಳುತ್ತಿದ್ದೆ; ಅವರು ಬೈಯುವುದನ್ನು ಮುಂದುವರಿಸಿದರು.

ಮರುದಿನ ಇವರು ಕೆಲಸಕ್ಕೆ ಹೋಗಲಿಲ್ಲ. ಹಳೆಯ ಪಂಪಿನ ಪೈಪುಗಳನ್ನು ಕಂಬ ಮಾಡಿ ನೆಟ್ಟು, ಹಸಿರು ನೆಟ್ ಎಳೆದು, ಹಟ್ಟಿಯ ಆಚೆ ಬದಿಗೆ ಗಂಡುಗಳಿಗೆ ಬೇರೆ ಜಾಗ ಮಾಡಿದರು. ಹೆಣ್ಣುಗಳು ಕಣ್ಣಿಗೆ ಬೀಳದ ಹಾಗೆ ನಡುವೆ ತಗಡು ನಿಲ್ಲಿಸಿದರು. ಹೀಗೆ ಮಾಡಬಹುದು ಎಂದು ಮೊದಲೇ ಯಾಕೆ ತೋಚಲಿಲ್ಲ ಎಂದು ಈಗ ಯೋಚಿಸಿದರೆ, ಮೂವರಿಗೂ ತಲೆ ಓಡುವ ಸ್ಥಿತಿ ಇರಲಿಲ್ಲ, ಅಷ್ಟೇ. ಹೆದರಿದವರಿಗೆ ಎರಡೇ ದಾರಿ ಕಾಣುವುದು. ಎರಡು ದಿನ ಗಂಡುಗಳು ತಮ್ಮತಮ್ಮಲ್ಲೇ ಕಚ್ಚಾಡಿದವು, ಮತ್ತೆ ಸುಮ್ಮನಾದವು. ಒಂದನ್ನು ಹೆಣ್ಣುಗಳ ಜೊತೆ ಬಿಡುವುದಾ ಎಂದು ಇವರು ಕೇಳಿದ್ದಕ್ಕೆ ಅತ್ತೆ, "ಸದ್ಯ ಯಾವುದೂ ಬೇಡ. ಅವುಗಳ ಮೈ ಗುಣ ಆಗಲಿ," ಎಂದರು. ಅರಸಿನ ತೇದು ಹಚ್ಚಿದರು. ಸಣ್ಣದರ ಆ ಕಣ್ಣು ಮಾತ್ರ ಸರಿಯಾಗಲಿಲ್ಲ.

ಸೆಪ್ಟೆಂಬರಿನಲ್ಲಿ ತಮ್ಮವರ ತೆನೆ ಹಬ್ಬ ಕಳೆದು ಸಿಸಿಲಿಯಾ ಬಾಯಿ ಕೋಲೂರಿಕೊಂಡು ಬಂದರು. ನೆಟ್ ನೋಡಿ, "ಇದೆಂತ ಪದ್ಮಕ್ಕ, ಗಂಡುಗಳಿಗೆ ಬೇರೆ ಹಾಸ್ಟೆಲ್ಲಾ?" ಎಂದು ನಕ್ಕರು. ಮೂರು ಹೆಣ್ಣನ್ನೂ ಒಂದು ಗಂಡನ್ನೂ ಬುಟ್ಟಿಗೆ ಹಾಕಿಸಿದರು. ಉಳಿದ ನಾಲ್ಕನ್ನು ನೋಡುತ್ತ ನಿಂತರು. ಅವರ ಮನಸ್ಸಿನಲ್ಲಿ ಇದ್ದದ್ದು ಅತ್ತೆಗೆ ಗೊತ್ತು.

"ಅವು ಇಲ್ಲಿ ಇರ್ಲಿ," ಎಂದರು ಅತ್ತೆ. "ತೌಡು ಹೇಗೂ ಮಿಲ್ಲಿನಿಂದ ಬರ್ತದೆ."

"ಅದರಿಂದ ನಿಮಗೆ ಎಂತ ಉಪಯೋಗ?"

"ಉಪಯೋಗ ಎಂತದೂ ಇಲ್ಲ."

ಸಿಸಿಲಿಯಾ ಬಾಯಿ ಬುಟ್ಟಿ ಎತ್ತಿಸಿಕೊಂಡು ಹೊರಟರು. ಆ ನಾಲ್ಕು ವರ್ಷಗಟ್ಟಲೆ ನಮ್ಮಲ್ಲಿದ್ದು, ಮುದಿಯಾಗಿ ಒಂದೊಂದಾಗಿ ಹೋದವು. ನನಗೆ ಅವುಗಳ ಮೇಲೆ ಕೊನೆಯವರೆಗೂ ಪ್ರೀತಿ ಬರಲಿಲ್ಲ.

ಆಮೇಲಿನ ತಿಂಗಳುಗಳು ಕೂಡ ಹೆದರಿಕೆಯಲ್ಲೇ ಕಳೆದವು. ಐದು ದಾಟಿದರೆ ಸಾಕು ಎಂದುಕೊಂಡಿದ್ದೆ. ಆರು ಬಂದರೆ ಆರರ ಹೆದರಿಕೆ, ಏಳು ಬಂದರೆ ಏಳರದು. ಡಿಸೆಂಬರಿನಲ್ಲಿ ಹೊಲಿಗೆ ಬಿಚ್ಚಿದರು. ಮಗು ಹುಟ್ಟಿದ್ದು ನಾಲ್ಕು ದಿನದ ನಂತರ, ಬೆಳಿಗ್ಗೆ. ನಾನು ಒಳಗಿದ್ದೆ, ಹೊರಗೆ ಆದದ್ದನ್ನು ಇವರು ಹೇಳಿ ಕೇಳಿದ್ದು.

ನರ್ಸ್ ಬಾಗಿಲು ತೆರೆದು, "ಹೆಣ್ಣು ಮಗು," ಎಂದರಂತೆ.

"ಅದು ಇರ್ಲಿ," ಎಂದರಂತೆ ಅತ್ತೆ. "ಉಸಿರು ಸರಿ ಉಂಟಾ? ಇಬ್ಬರದೂ?"

ಸರಿ ಉಂಟು ಎಂದರು ನರ್ಸ್. ಅತ್ತೆ ಗೋಡೆ ಹಿಡಿದು ಮೆಲ್ಲನೆ ವರಾಂಡದ ನೆಲದ ಮೇಲೆಯೇ ಕುಳಿತುಬಿಟ್ಟರಂತೆ. ಜನ ಓಡಾಡುವ ಜಾಗ, ಬೆಂಚಿನಲ್ಲಿ ಕೂತುಕೊಳ್ಳಿ ಎಂದು ಇವರು ಎಬ್ಬಿಸಲು ಕೈ ಕೊಟ್ಟಾಗ, "ಸ್ವಲ್ಪ ಇರು ಮಗಾ. ನನಗೆ ಹೆದರಿಕೆ ಆಗ್ತಾ ಉಂಟು, ಕಾಲು ನಿಲ್ಲುವುದಿಲ್ಲ," ಎಂದರಂತೆ. ಆ ವರ್ಷವಿಡೀ ಅವರು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ, ಎಲ್ಲ ಮುಗಿದ ಮೇಲೆ.